ತಿರುಪಿಗೆ ಲೆಕ್ಕ ಕಲಿಸಿದ ಕಮ್ಮಾರ: ಹೆನ್ರಿ ಮಾಡ್ಸ್ಲೆ

ಮಕ್ಕಳೇ, ಸೈಕಲ್ ರಿಪೇರಿ ಅಂಗಡಿಯಲ್ಲಿ ಒಂದು ಹಳೆಯ ಡಬ್ಬಿ ಇರುವುದನ್ನು ನೀವು ನೋಡಿರಬಹುದು. ಅದರ ತುಂಬ ನಟ್ಟು, ಬೋಲ್ಟು, ವಾಷರುಗಳು. ಅಂಗಡಿಯವರು ಅದರಲ್ಲಿ ಕೈಯಾಡಿಸಿ ಒಂದು ನಟ್ಟನ್ನು ತೆಗೆದು ನಿಮ್ಮ ಸೈಕಲ್ಲಿನ ಬೋಲ್ಟಿಗೆ ಹಾಕಿ ತಿರುಗಿಸುತ್ತಾರೆ. ಅದು ಸರಿಯಾಗಿ ಕೂರುತ್ತದೆ. ಆ ಬೋಲ್ಟು ಒಂದು ಊರಿನ ಕಾರ್ಖಾನೆಯದು, ನಟ್ಟು ಇನ್ನೊಂದು ಊರಿನದು. ಆದರೂ ಎರಡೂ ಹೊಂದಿಕೊಳ್ಳುತ್ತವೆ. ಇದರಲ್ಲೇನು ವಿಶೇಷ ಎನ್ನುತ್ತೀರಾ?

ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಹೀಗಿರಲಿಲ್ಲ. ಪ್ರತಿಯೊಂದು ಬೋಲ್ಟಿಗೂ ಅದರದೇ ನಟ್ಟು ಇರುತ್ತಿತ್ತು. ಯಂತ್ರವೊಂದನ್ನು ಬಿಚ್ಚಿದಾಗ ಯಾವ ನಟ್ಟು ಯಾವ ಬೋಲ್ಟಿನದು ಎಂದು ಗುರುತು ಹಾಕಿಕೊಳ್ಳಬೇಕಿತ್ತು. ಬೆರೆತು ಹೋದರೆ ಮತ್ತೆ ಜೋಡಿ ಹುಡುಕುವುದೇ ದೊಡ್ಡ ಕೆಲಸ. ಈ ಗೊಂದಲವನ್ನು ಮೊದಲು ತನ್ನ ಕಾರ್ಯಾಗಾರದಲ್ಲಿ ಕೊನೆಗಾಣಿಸಿದವರಲ್ಲಿ ಪ್ರಮುಖನಾದ ಒಬ್ಬ ಕಮ್ಮಾರನ ಕಥೆಯನ್ನು ಈಗ ಓದೋಣ. ಅವನ ಹೆಸರು ಹೆನ್ರಿ ಮಾಡ್ಸ್ಲೆ.

ಮದ್ದಿನ ಮನೆಯ ಹುಡುಗ

ಹೆನ್ರಿ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಲಂಡನ್ ಬಳಿಯ ವೂಲಿಚ್ ಎಂಬಲ್ಲಿ. ಅಲ್ಲಿ ಬ್ರಿಟಿಷ್ ಸೈನ್ಯಕ್ಕೆ ಆಯುಧಗಳನ್ನು ಒದಗಿಸುವ ದೊಡ್ಡ ಶಸ್ತ್ರಾಗಾರವಿತ್ತು. ಅವನ ತಂದೆ ಸೈನ್ಯದಲ್ಲಿದ್ದು ಗಾಯಗೊಂಡ ಮೇಲೆ ಆ ಶಸ್ತ್ರಾಗಾರದಲ್ಲಿ ಕೆಲಸಕ್ಕಿದ್ದವರು. ಹೆನ್ರಿ ಇನ್ನೂ ಚಿಕ್ಕವನಿರುವಾಗಲೇ ಅವರು ತೀರಿಕೊಂಡರು.

ಹನ್ನೆರಡನೆಯ ವಯಸ್ಸಿಗೆ ಹೆನ್ರಿಯೂ ಅದೇ ಶಸ್ತ್ರಾಗಾರದಲ್ಲಿ ದುಡಿಯತೊಡಗಿದ. ತೋಟಾಗಳಿಗೆ ಸಿಡಿಮದ್ದು ತುಂಬುವುದು ಅವನ ಕೆಲಸ. ನಿಮ್ಮಷ್ಟೇ ವಯಸ್ಸಿನ ಮಕ್ಕಳು ಇಂಥ ಅಪಾಯದ ಕೆಲಸ ಮಾಡುವುದು ಆ ಕಾಲದಲ್ಲಿ ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಇಂದು ಅದು ಕಾನೂನಿಗೆ ವಿರುದ್ಧ. ಹೆನ್ರಿಗೆ ನಿಮ್ಮಂತೆ ವರ್ಷಗಟ್ಟಲೆ ಶಾಲೆಯಲ್ಲಿ ಕೂತು ಕಲಿಯುವ ಅವಕಾಶ ಸಿಗಲಿಲ್ಲ ಎಂಬುದನ್ನು ನೆನಪಿಡಿ.

ಎರಡು ವರ್ಷಗಳ ನಂತರ ಅವನನ್ನು ಬಡಗಿಗಳ ವಿಭಾಗಕ್ಕೆ ಹಾಕಿದರು. ಅವನ ಮನಸ್ಸು ಮಾತ್ರ ಪಕ್ಕದ ಕುಲುಮೆಯಲ್ಲಿತ್ತು. ಕೊನೆಗೆ ಹದಿನೈದನೆಯ ವಯಸ್ಸಿನಲ್ಲಿ ಕಮ್ಮಾರರ ಬಳಿ ಕೆಲಸ ಕಲಿಯಲು ಕಳಿಸಿದರು. ಅಲ್ಲಿ ಅವನು ಕೆಂಪಗೆ ಕಾದ ಕಬ್ಬಿಣವನ್ನು ಬಡಿದು ರೂಪಿಸುವುದನ್ನೂ, ತಣ್ಣಗಿನ ಲೋಹವನ್ನು ಅರದಿಂದ ಉಜ್ಜಿ ಸಮ ಮಾಡುವುದನ್ನೂ ಕಲಿತ. ಅರ ಎಂದರೆ ಮೈತುಂಬ ಸಣ್ಣ ಹಲ್ಲುಗಳಿರುವ ಉಕ್ಕಿನ ಪಟ್ಟಿ. ಒಂದು ಬದಿ ಹೆಚ್ಚು ಒತ್ತಿದರೆ ಅತ್ತ ಇಳಿಜಾರಾಗುತ್ತದೆ. ಎರಡೂ ಕೈಗಳ ಒತ್ತಡವನ್ನು ಪ್ರತಿ ಎಳೆತದಲ್ಲೂ ಸರಿದೂಗಿಸಬೇಕು. ಇಂದಿಗೂ ಐಟಿಐನಲ್ಲಿ ಫಿಟ್ಟರ್ ತರಬೇತಿಗೆ ಸೇರಿದವರು ಮೊದಮೊದಲು ಮಾಡುವುದು ಇದೇ ಕೆಲಸ: ಅರ ಹಿಡಿದು ಲೋಹದ ತುಂಡನ್ನು ಚಪ್ಪಟೆ ಮಾಡುವುದು, ಮೂಲೆಮಟ್ಟ ಇಟ್ಟು ಪರೀಕ್ಷಿಸುವುದು.

ಹಳೆಯ ವೈಸಿನ ಪರೀಕ್ಷೆ

ಆಗ ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬ ಯಂತ್ರ ನಿರ್ಮಾಪಕನಿದ್ದ. ಅವನು 1784ರಲ್ಲಿ ಹೊಸ ಬಗೆಯ ಬೀಗವೊಂದಕ್ಕೆ ಪೇಟೆಂಟ್ ಪಡೆದಿದ್ದ. ಬೀಗದ ಒಳಗಿನ ಭಾಗಗಳು ಬಹಳ ಸಣ್ಣವು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೀಲಿಕೈ ತಿರುಗುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡುವ ಕೆಲಸಗಾರರು ಸಿಗುವುದು ಕಷ್ಟವಾಗಿತ್ತು. ಹೆನ್ರಿಯ ಕೈಚಳಕದ ಸುದ್ದಿ ಕೇಳಿ ಬ್ರಾಮಾ ಅವನನ್ನು ಕರೆಸಿದ.

ಬಂದವನನ್ನು ನೋಡಿದರೆ ಹದಿನೆಂಟು ವರ್ಷದ ಹುಡುಗ! ಆಗಿನ ಪದ್ಧತಿಯಂತೆ ಏಳು ವರ್ಷ ಶಿಷ್ಯವೃತ್ತಿ ಮುಗಿಸಿದವನೂ ಅಲ್ಲ. ಅನುಭವಿ ಕೆಲಸಗಾರರ ನಡುವೆ ಇವನನ್ನು ಕೂರಿಸುವುದು ಹೇಗೆ ಎಂದು ಬ್ರಾಮಾ ಹಿಂಜರಿದ. ಆಗ ಹೆನ್ರಿ ಅಲ್ಲಿದ್ದ ಒಂದು ಸವೆದ ವೈಸನ್ನು ತೋರಿಸಿ, ಸಂಜೆಯೊಳಗೆ ಇದನ್ನು ಹೊಸದರಂತೆ ಮಾಡಿಕೊಟ್ಟರೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದನೆಂದು ಅವನ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. ವೈಸ್ ಎಂದರೆ ವಸ್ತುವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಸಾಧನ. ಅವನು ಅದರ ಸವೆದ ದವಡೆಗಳಿಗೆ ಉಕ್ಕನ್ನು ಬೆಸೆದು, ಅರದಿಂದ ಹಲ್ಲು ಕೊಟ್ಟು, ಹದ ಮಾಡಿ ಹೇಳಿದ ಹೊತ್ತಿಗೆ ಮುಗಿಸಿದ. ಅದನ್ನು ನೋಡಿದ ಮೇಲೆ ಯಾರೂ ಅವನ ವಯಸ್ಸು ಕೇಳಲಿಲ್ಲ.

ಬಿಚ್ಚಲಾಗದ ಬೀಗ

1790ರ ಸುಮಾರಿಗೆ ಬ್ರಾಮಾ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟ. ಕೀಲಿಕೈ ಇಲ್ಲದೆ ಇದನ್ನು ತೆಗೆಯುವ ಉಪಕರಣ ಮಾಡಿದವರಿಗೆ 200 ಗಿನಿ ಬಹುಮಾನ ಎಂದು ಬರೆಸಿದ. ಗಿನಿ ಎಂದರೆ ಆಗಿನ ಚಿನ್ನದ ನಾಣ್ಯ. ಆ ಬೀಗವನ್ನು ಮಾಡಿದ ಕೈ ಮಾಡ್ಸ್ಲೆಯದು. ಅರವತ್ತು ವರ್ಷ ಕಳೆದರೂ ಬಹುಮಾನ ಯಾರಿಗೂ ದಕ್ಕಲಿಲ್ಲ. ಕೊನೆಗೆ 1851ರಲ್ಲಿ ಅಮೆರಿಕದ ಹಾಬ್ಸ್ ಎಂಬ ಬೀಗತಜ್ಞ ಅದನ್ನು ತೆರೆದ. ಅದಕ್ಕೆ ಅವನಿಗೆ ಹಿಡಿದದ್ದು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ!

ಬ್ರಾಮಾನ ಇನ್ನೊಂದು ಪ್ರಸಿದ್ಧ ಸಾಧನ 1795ರ ಜಲಒತ್ತಡ ಯಂತ್ರ. ಅದರಲ್ಲಿ ನೀರು ಸೋರದಂತೆ ತಡೆಯುವುದೇ ಕಷ್ಟವಾಗಿತ್ತು. ಬಟ್ಟಲಿನಂತೆ ಬಾಗಿದ ಚರ್ಮದ ವಾಷರನ್ನು ಹಾಕುವ ಉಪಾಯ ಮಾಡ್ಸ್ಲೆಯದೆಂದು ಹೇಳುತ್ತಾರೆ. ನೀರಿನ ಒತ್ತಡ ಹೆಚ್ಚಿದಷ್ಟೂ ಆ ಚರ್ಮ ಗೋಡೆಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೋರಿಸಬೇಕಾದ ಒತ್ತಡವೇ ಸೋರುವುದನ್ನು ತಡೆಯುತ್ತದೆ!

ಇಷ್ಟೆಲ್ಲ ಮಾಡಿದ ಮಾಡ್ಸ್ಲೆಗೆ ಸಿಗುತ್ತಿದ್ದುದು ವಾರಕ್ಕೆ 30 ಶಿಲ್ಲಿಂಗ್ ಸಂಬಳ. ಅಷ್ಟು ಹೊತ್ತಿಗೆ ಅವನಿಗೆ ಮದುವೆಯಾಗಿತ್ತು, ಸಂಸಾರ ಬೆಳೆದಿತ್ತು. 1797ರಲ್ಲಿ ಅವನು ಸಂಬಳ ಹೆಚ್ಚಿಸಲು ಕೇಳಿದ. ಬ್ರಾಮಾ ಒಪ್ಪಲಿಲ್ಲ. ಮಾಡ್ಸ್ಲೆ ಕೆಲಸ ಬಿಟ್ಟು ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ಹತ್ತಿರ ತನ್ನದೇ ಸಣ್ಣ ಕಾರ್ಯಾಗಾರ ತೆರೆದ. ಆಗ ಅವನ ವಯಸ್ಸು 26.

ಉಳಿಯನ್ನು ಹಿಡಿಯುವವರು ಯಾರು?

ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೀವು ನೋಡಿರಬಹುದು, ಇಲ್ಲವೇ ಚಿತ್ರದಲ್ಲಾದರೂ ಕಂಡಿರಬಹುದು. ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಕುಶಲಕರ್ಮಿ ಉಳಿಯನ್ನು ಕೈಯಲ್ಲಿ ಹಿಡಿದು ಅದಕ್ಕೆ ತಾಗಿಸುತ್ತಾರೆ. ಮರ ಸುಲಿದು ಸುಲಿದು ಬೊಂಬೆಯ ಆಕಾರ ಬರುತ್ತದೆ. ಹೀಗೆ ವಸ್ತುವನ್ನು ತಿರುಗಿಸಿ ಕೆತ್ತುವ ಯಂತ್ರವೇ ಲೇತ್.

ಮಾಡ್ಸ್ಲೆಯ ಕಾಲದಲ್ಲಿ ಲೋಹವನ್ನೂ ಹೆಚ್ಚಾಗಿ ಹೀಗೆಯೇ ಕೆತ್ತುತ್ತಿದ್ದರು. ಮರವಾದರೆ ಮೃದು, ಕೈ ಸ್ವಲ್ಪ ಅಲುಗಿದರೂ ನಡೆಯುತ್ತದೆ. ಕಬ್ಬಿಣ ಹಾಗಲ್ಲ. ಅದು ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಎಂಥ ಬಲಶಾಲಿಯ ಕೈಯೂ ದಣಿಯುತ್ತದೆ, ನಡುಗುತ್ತದೆ. ಆಗ ಕಂಬಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗುತ್ತದೆ.

ಇದಕ್ಕೆ ಉಪಾಯ? ಉಳಿಯನ್ನು ಕೈಯಿಂದ ಬಿಡಿಸಿ ಒಂದು ಗಟ್ಟಿಯಾದ ಕಬ್ಬಿಣದ ಹಿಡಿಕೆಗೆ ಕಚ್ಚಿಸುವುದು. ಆ ಹಿಡಿಕೆ ನೇರವಾದ ಹಳಿಯ ಮೇಲೆ ಜಾರಬೇಕು. ಅದನ್ನು ಮುಂದೆ ಹಿಂದೆ ಸರಿಸಲು ಒಂದು ತಿರುಪು. ಇದಕ್ಕೆ ಸ್ಲೈಡ್ ರೆಸ್ಟ್ ಎನ್ನುತ್ತಾರೆ. ಈಗ ಕೆಲಸಗಾರ ಒತ್ತಬೇಕಾಗಿಲ್ಲ, ತಿರುಪಿನ ಹಿಡಿಯನ್ನು ತಿರುಗಿಸಿದರೆ ಸಾಕು. ಈ ಕಲ್ಪನೆ ಮಾಡ್ಸ್ಲೆಗಿಂತ ಮೊದಲೇ ಬೇರೆಯವರಿಗೂ ಹೊಳೆದಿತ್ತು. ಆದರೆ ಅದನ್ನು ಪೂರ್ತಿ ಲೋಹದಲ್ಲಿ, ಅಲುಗಾಡದಂತೆ ಗಟ್ಟಿಯಾಗಿ ಮಾಡಿ, ದಿನನಿತ್ಯದ ಕೆಲಸಕ್ಕೆ ಒಗ್ಗಿಸಿದ ಹೆಗ್ಗಳಿಕೆ ಅವನಿಗೆ ಸಲ್ಲುತ್ತದೆ.

1800ರ ಹೊತ್ತಿಗೆ ಅವನು ಇನ್ನೊಂದು ಹೆಜ್ಜೆ ಮುಂದೆ ಹೋದ. ತಿರುಗುವ ಕಂಬಿಗೂ ಉಳಿಯನ್ನು ಸರಿಸುವ ಉದ್ದ ತಿರುಪಿಗೂ ಹಲ್ಲುಚಕ್ರಗಳಿಂದ ಸಂಬಂಧ ಕಲ್ಪಿಸಿದ. ಕಂಬಿ ತಿರುಗಿದಂತೆ ಉಳಿ ತಾನಾಗಿಯೇ ಸರಿಯುತ್ತದೆ. ಕಂಬಿಯ ಮೇಲೆ ಸುರುಳಿ ಗೆರೆ ಕೊರೆಯುತ್ತಾ ಹೋಗುತ್ತದೆ. ಅದೇ ಥ್ರೆಡ್.

ಒಂದು ಲೆಕ್ಕ ಮಾಡೋಣ. ಉದ್ದ ತಿರುಪು ಒಂದು ಸುತ್ತಿಗೆ ಉಳಿಯನ್ನು 4 ಮಿ.ಮೀ. ಸರಿಸುತ್ತದೆ ಎಂದಿಟ್ಟುಕೊಳ್ಳಿ. ಕಂಬಿಯ ಕಡೆ 20 ಹಲ್ಲಿನ ಚಕ್ರ, ತಿರುಪಿನ ಕಡೆ 40 ಹಲ್ಲಿನ ಚಕ್ರ ಹಾಕಿದರೆ ಕಂಬಿ ಒಂದು ಸುತ್ತು ಬರುವಷ್ಟರಲ್ಲಿ ತಿರುಪು ಅರ್ಧ ಸುತ್ತು ಬರುತ್ತದೆ. ಉಳಿ 2 ಮಿ.ಮೀ. ಸರಿಯುತ್ತದೆ. ಅಂದರೆ ಥ್ರೆಡ್ಡುಗಳ ನಡುವಿನ ಅಂತರ 2 ಮಿ.ಮೀ. ಚಕ್ರ ಬದಲಿಸಿದರೆ ಅಂತರವೂ ಬದಲಾಗುತ್ತದೆ. ಅದೇ ಚಕ್ರಗಳನ್ನು ಹಾಕಿದರೆ ನಾಳೆಯೂ, ಮುಂದಿನ ವರ್ಷವೂ ಅದೇ ಅಂತರ. ಹೀಗೆ ಅವನ ಕಾರ್ಯಾಗಾರದಲ್ಲಿ ಒಂದೇ ಅಳತೆಯ ನಟ್ಟು ಬೋಲ್ಟುಗಳು ಬಳಕೆಗೆ ಬಂದವು.

ತಿರುಪು ಮಾಡಲು ತಿರುಪು ಬೇಕಲ್ಲ!

ಇಲ್ಲಿ ನಿಮಗೊಂದು ಪ್ರಶ್ನೆ ಏಳಬೇಕು. ಸರಿಯಾದ ತಿರುಪು ಮಾಡಲು ಈ ಲೇತ್ ಬೇಕು. ಈ ಲೇತ್ ಮಾಡಲು ಮೊದಲೇ ಒಂದು ಸರಿಯಾದ ತಿರುಪು ಬೇಕು. ಹಾಗಾದರೆ ಮೊಟ್ಟಮೊದಲ ತಿರುಪು ಎಲ್ಲಿಂದ ಬಂತು?

ಮಾಡ್ಸ್ಲೆ ಮಾಡಿದ ಉಪಾಯ ಸರಳ. ಅರ್ಧಚಂದ್ರಾಕಾರದ ಹರಿತ ಚಾಕುವನ್ನು ಲೆಕ್ಕ ಹಾಕಿದ ಕೋನದಲ್ಲಿ ಓರೆಯಾಗಿಟ್ಟು ಮೃದುವಾದ ಉರುಳೆಗೆ ಒತ್ತಿ ಹಿಡಿದ. ಉರುಳೆ ತಿರುಗಿದಂತೆ ಓರೆಯ ಚಾಕು ತಾನೇ ಮುಂದೆ ಸರಿಯುತ್ತಾ ಸುರುಳಿ ಗೆರೆ ಹಾಕಿತು. ಹೀಗೆ ಬಂದವುಗಳಲ್ಲಿ ಉತ್ತಮವಾದುದನ್ನು ಆರಿಸಿ, ಅದರ ತಪ್ಪು ತಿದ್ದಿ, ಅದರಿಂದ ಇನ್ನೊಂದನ್ನು ಮಾಡಿ, ಅದನ್ನೂ ತಿದ್ದಿ ಮುಂದುವರಿದ. ಒರಟು ಉಪಕರಣದಿಂದಲೇ ನಯವಾದ ಉಪಕರಣ ಹುಟ್ಟಿತು. ಅವನು ಮಾಡಿದ ಒಂದು ತಿರುಪು 5 ಅಡಿ ಉದ್ದ, 2 ಇಂಚು ವ್ಯಾಸ. ಇಂಚಿಗೆ 50 ಥ್ರೆಡ್. ಅದರ ನಟ್ಟು 12 ಇಂಚು ಉದ್ದ. ಅಂದರೆ ಒಂದೇ ಬಾರಿಗೆ 600 ಥ್ರೆಡ್ಡುಗಳು ಒಂದರೊಳಗೊಂದು ಕೂರಬೇಕು. ಇಂಥ ಉದ್ದ ನಟ್ಟಿನಲ್ಲಿ ಪ್ರತಿ ಸುತ್ತಿನ ಸಣ್ಣ ತಪ್ಪೂ ಕೂಡುತ್ತಾ ಹೋದರೆ ಅದು ಕಚ್ಚಿಕೊಂಡು ನಿಂತುಬಿಡುತ್ತದೆ.

ಮೂರನೆಯ ಫಲಕದ ಸಾಕ್ಷಿ

ಒಂದು ಕಬ್ಬಿಣದ ಫಲಕ ನಿಜವಾಗಿಯೂ ಚಪ್ಪಟೆ ಇದೆಯೆಂದು ತಿಳಿಯುವುದು ಹೇಗೆ? ಒಂದಕ್ಕೆ ಬಣ್ಣ ಸವರಿ ಇನ್ನೊಂದರ ಮೇಲಿಟ್ಟು ನೋಡಬಹುದು. ಬಣ್ಣ ತಾಗಿದ ಕಡೆ ಉಬ್ಬು. ಅದನ್ನು ಕೆರೆದು ತೆಗೆಯಬೇಕು. ಆದರೆ ಇಲ್ಲೊಂದು ಮೋಸವಿದೆ. ಒಂದು ಫಲಕ ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಾಗಿದ್ದರೂ ಎರಡೂ ಸರಿಯಾಗಿ ಹೊಂದುತ್ತವೆ. ಬಾಣಲೆಯೊಳಗೆ ಬಾಣಲೆ ಕೂತಂತೆ!

ಅದಕ್ಕೇ ಮೂರನೆಯ ಫಲಕ ಬೇಕು. ಒಂದು ಮತ್ತು ಎರಡು, ಎರಡು ಮತ್ತು ಮೂರು, ಮೂರು ಮತ್ತು ಒಂದು – ಎಲ್ಲ ಜೋಡಿಗಳೂ ಹೊಂದಬೇಕು. ಉಬ್ಬಿಗೆ ತಗ್ಗು ಹೊಂದಬಹುದು, ಆದರೆ ಉಬ್ಬಿಗೆ ಉಬ್ಬು ಹೊಂದುವುದಿಲ್ಲ. ಮೂರೂ ಪರಸ್ಪರ ಹೊಂದಿದರೆ ಮೂರೂ ಚಪ್ಪಟೆಯೇ. ಮಾಡ್ಸ್ಲೆ ಇಂಥ ಫಲಕಗಳನ್ನು ಕೆಲಸಗಾರರ ಮೇಜಿನ ಮೇಲೆ ಇಡಿಸಿದ್ದ. ತಮ್ಮ ಕೆಲಸ ಸರಿಯಿದೆಯೇ ಎಂದು ಅವರೇ ಪರೀಕ್ಷಿಸಿಕೊಳ್ಳಬಹುದಿತ್ತು.

ಅಳತೆಗಾಗಿ ಅವನು ಮೇಜಿನ ಮೇಲಿಡುವ ಒಂದು ಮೈಕ್ರೋಮೀಟರನ್ನೂ ಮಾಡಿದ. ಅದರಲ್ಲಿ ಇಂಚಿಗೆ 100 ಥ್ರೆಡ್ ಇರುವ ತಿರುಪು, ಅದರ ಚಕ್ರದ ಅಂಚಿನಲ್ಲಿ 100 ಗೆರೆ. ಒಂದು ಗೆರೆಯಷ್ಟು ತಿರುಗಿಸಿದರೆ ಇಂಚಿನ ಹತ್ತು ಸಾವಿರದ ಒಂದು ಭಾಗ ಸರಿಯುತ್ತದೆ. ಅಂದರೆ ಸುಮಾರು 0.0025 ಮಿ.ಮೀ. ಒಂದು ಹಾಳೆಯ ದಪ್ಪ 0.1 ಮಿ.ಮೀ. ಎಂದುಕೊಂಡರೆ ಅದರ ನಲವತ್ತನೆಯ ಒಂದು ಪಾಲು! ಕೆಲಸಗಾರರ ನಡುವೆ ಅಳತೆಯ ವಾದ ಎದ್ದಾಗ ಈ ಉಪಕರಣ ಹೇಳಿದ್ದೇ ಕೊನೆಯ ತೀರ್ಪು. ಅದಕ್ಕೆ ಇಂಗ್ಲೆಂಡಿನ ಹಿರಿಯ ನ್ಯಾಯಾಧಿಕಾರಿಯ ಪದವಿಯ ಹೆಸರನ್ನೇ ಇಟ್ಟು ಲಾರ್ಡ್ ಚಾನ್ಸೆಲರ್ ಎಂದು ಕರೆಯುತ್ತಿದ್ದರು.

ಹತ್ತು ಜನ ಮತ್ತು ನೂರ ಹತ್ತು ಜನ

ಹಾಯಿಹಡಗಿನ ಹಗ್ಗಗಳನ್ನು ಎಳೆಯಲು ಮರದ ರಾಟೆಗಳು ಬೇಕು. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ರಾಟೆಗಳು ಬೇಕಾಗುತ್ತಿದ್ದವು. ಎಲ್ಲವನ್ನೂ ಕೈಯಿಂದ ಮಾಡುತ್ತಿದ್ದರು. ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರ್ ರಾಟೆ ಮಾಡುವ ಯಂತ್ರಗಳ ನಕ್ಷೆ ತಯಾರಿಸಿದ. ಅವನ್ನು ಲೋಹದಲ್ಲಿ ಮಾಡಿಕೊಟ್ಟವನು ಮಾಡ್ಸ್ಲೆ. ಪೋರ್ಟ್ಸ್‌ಮತ್ ಬಂದರಿನಲ್ಲಿ ಸುಮಾರು 45 ಯಂತ್ರಗಳು ಸಾಲಾಗಿ ನಿಂತವು. 1808ರಲ್ಲಿ ಅಲ್ಲಿ 1,30,000 ರಾಟೆಗಳು ತಯಾರಾದವು. ನೂರ ಹತ್ತು ಮಂದಿ ನುರಿತ ಕೆಲಸಗಾರರು ಮಾಡುತ್ತಿದ್ದುದನ್ನು ಹತ್ತು ಮಂದಿ ಸಾಮಾನ್ಯರು ಮಾಡತೊಡಗಿದರು.

ಇದನ್ನು ಓದಿ ಸಂತೋಷಪಡುವ ಮುನ್ನ ಸ್ವಲ್ಪ ನಿಲ್ಲಿ. ಉಳಿದ ನೂರು ಮಂದಿಯ ಗತಿ ಏನಾಗಿರಬೇಕು? ವರ್ಷಗಟ್ಟಲೆ ಕಲಿತ ಕೈಕಸುಬಿಗೆ ಅಲ್ಲಿ ಬೆಲೆ ಇಲ್ಲದಾಯಿತು. ಯಂತ್ರಗಳು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ನಮ್ಮ ಕೈಮಗ್ಗದ ನೇಕಾರರೂ ಇದನ್ನು ಎದುರಿಸಿದ್ದಾರೆ. ಒಂದು ಕಡೆ ಕೈಕೆಲಸ ಹೋಯಿತು. ಇನ್ನೊಂದು ಕಡೆ ಆ ಯಂತ್ರಗಳನ್ನು ಮಾಡುವ, ತಿದ್ದುವ, ಅಳೆಯುವ ಹೊಸ ಕಸುಬು ಹುಟ್ಟಿತು. ಆದರೆ ಕೆಲಸ ಕಳೆದುಕೊಂಡವರಿಗೇ ಹೊಸ ಕೆಲಸ ಸಿಕ್ಕಿತೆಂದು ಹೇಳುವಂತಿಲ್ಲ. ಇದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ.

ಕಾರ್ಯಾಗಾರವೇ ಶಾಲೆ

1810ರಲ್ಲಿ ಮಾಡ್ಸ್ಲೆಯ ಕಾರ್ಯಾಗಾರ ಲಂಡನ್ನಿನ ಲ್ಯಾಂಬೆತ್ ಭಾಗಕ್ಕೆ ಬಂತು. ಅಲ್ಲಿ ಹಡಗುಗಳ ಉಗಿ ಎಂಜಿನ್ನುಗಳು ತಯಾರಾದವು. ಉಗಿ ಮತ್ತು ಹಾಯಿ ಎರಡನ್ನೂ ಬಳಸಿ 1825ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತೆಗೆ ಬಂದ ಎಂಟರ್‌ಪ್ರೈಜ್ ಹಡಗಿನ ಎಂಜಿನ್ನೂ ಅಲ್ಲಿಯದೇ.

ಆ ಕಾರ್ಯಾಗಾರ ತಯಾರಿಸಿದ ಅತ್ಯುತ್ತಮ ವಸ್ತು ಎಂದರೆ ಮನುಷ್ಯರು ಎನ್ನಬಹುದು. ಅಲ್ಲಿ ಕೆಲಸ ಮಾಡಿದ ಜೋಸೆಫ್ ಕ್ಲೆಮೆಂಟ್ ಮುಂದೆ ಚಾರ್ಲ್ಸ್ ಬ್ಯಾಬೇಜನ ಲೆಕ್ಕ ಮಾಡುವ ಯಂತ್ರದ ಭಾಗಗಳನ್ನು ತಯಾರಿಸಿದ. ರಿಚರ್ಡ್ ರಾಬರ್ಟ್ಸ್ ತಾನಾಗಿಯೇ ನಡೆಯುವ ನೂಲುವ ಯಂತ್ರ ರೂಪಿಸಿದ. ಜೇಮ್ಸ್ ನಾಸ್ಮಿತ್ ಉಗಿ ಸುತ್ತಿಗೆ ಮಾಡಿದ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ಥ್ರೆಡ್ ಇರಲೆಂದು ಅಳತೆಗಳ ಪಟ್ಟಿ ಕೊಟ್ಟ. ಗುರು ತನ್ನ ಕಾರ್ಯಾಗಾರದಲ್ಲಿ ಮಾಡಿದ್ದನ್ನು ಶಿಷ್ಯ ದೇಶಕ್ಕೆ ವಿಸ್ತರಿಸಿದ.

ಆರು ಅಡಿ ಮೀರಿದ ಎತ್ತರದ ಆಳಾಗಿದ್ದ ಮಾಡ್ಸ್ಲೆ, ಕಾರ್ಖಾನೆಯ ಒಡೆಯನಾದ ಮೇಲೂ ತನ್ನ ಖಾಸಗಿ ಕೋಣೆಯಲ್ಲಿ ಅರ ಹಿಡಿದು ಕೆಲಸ ಮಾಡುವುದನ್ನು ಬಿಡಲಿಲ್ಲ. 1831ರ ಜನವರಿಯಲ್ಲಿ ಕಾಯಿಲೆ ಬಿದ್ದ ಗೆಳೆಯನನ್ನು ನೋಡಲು ಫ್ರಾನ್ಸಿಗೆ ಹೋಗಿದ್ದ ಅವನಿಗೆ ಮರಳುವಾಗ ಕಡಲಿನಲ್ಲಿ ಶೀತ ತಗುಲಿತು. ಫೆಬ್ರವರಿ 14ರಂದು ತೀರಿಕೊಂಡ. ಹುಟ್ಟಿದೂರಾದ ವೂಲಿಚ್‌ನಲ್ಲೇ ಅವನನ್ನು ಮಣ್ಣು ಮಾಡಿದರು. ಸಮಾಧಿಯ ಸ್ಮಾರಕ ಎರಕದ ಕಬ್ಬಿಣದ್ದು. ಅದರ ವಿನ್ಯಾಸವನ್ನೂ ಅವನೇ ಮಾಡಿಟ್ಟಿದ್ದ. ಅವನ ತಿರುಪು ಕೊರೆಯುವ ಲೇತನ್ನೂ ಮೈಕ್ರೋಮೀಟರನ್ನೂ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.

ಇಂದಿನ ಯಂತ್ರದ ಒಳಗೆ

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶ ಇಂಥ ಯಂತ್ರಗಳನ್ನು ತಾನೇ ಮಾಡಲು ಹೊರಟಾಗ, 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಆರಂಭವಾಯಿತು. ಕೈಗಡಿಯಾರಕ್ಕಿಂತ ಮೊದಲು ಅಲ್ಲಿ ತಯಾರಾದದ್ದು ಲೇತ್ ಯಂತ್ರಗಳು. ಅತ್ತ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1952ರಲ್ಲಿ ಅಂಕಿಗಳ ಆದೇಶದಂತೆ ತಾನೇ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದ್ದರು. ಅದರ ಮುಂದಿನ ರೂಪವೇ ಸಿಎನ್‌ಸಿ. ಇಂದು ಮೇಜಿನ ಮೇಲಿಡುವಷ್ಟು ಸಣ್ಣ ಸಿಎನ್‌ಸಿ ಮಿಲ್ಲಿಂಗ್ ಯಂತ್ರಗಳೂ ಇವೆ. ಹವ್ಯಾಸಕ್ಕಾಗಿ ಮನೆಯಲ್ಲೇ ಅಲ್ಯೂಮಿನಿಯಂ ಭಾಗಗಳನ್ನು ಕೆತ್ತುವವರಿದ್ದಾರೆ.

ಲೇತ್‌ನಲ್ಲಿ ವಸ್ತು ತಿರುಗುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಕತ್ತರಿಸುವ ಉಪಕರಣವೇ ತಿರುಗುತ್ತದೆ. ವಸ್ತು ಮತ್ತು ಉಪಕರಣಗಳನ್ನು ಎಡಬಲ, ಹಿಂದುಮುಂದು, ಮೇಲೆಕೆಳಗೆ ಸರಿಸಲು ಮೂರು ತಿರುಪುಗಳಿರುತ್ತವೆ. ಕೈಯ ಬದಲು ಅವನ್ನು ಮೋಟಾರುಗಳು ತಿರುಗಿಸುತ್ತವೆ. ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಪೂರೈಸುತ್ತದೆ, ಒಂದು ಸುತ್ತಿಗೆ ತಿರುಪು 5 ಮಿ.ಮೀ. ಸರಿಯುತ್ತದೆ ಎಂದರೆ ಒಂದು ಹೆಜ್ಜೆಗೆ 0.025 ಮಿ.ಮೀ. ಆಯಿತು. ಕಂಪ್ಯೂಟರು ಎಣಿಸುವುದು ಈ ಹೆಜ್ಜೆಗಳನ್ನೇ.

ಆದರೆ ಕಂಪ್ಯೂಟರು ಎಷ್ಟೇ ಸರಿಯಾಗಿ ಎಣಿಸಿದರೂ ತಿರುಪು ಮತ್ತು ನಟ್ಟಿನ ನಡುವೆ ಸಡಿಲವಿದ್ದರೆ ಅಳತೆ ತಪ್ಪುತ್ತದೆ. ದಿಕ್ಕು ಬದಲಿಸಿದಾಗ ತಿರುಪು ಸ್ವಲ್ಪ ತಿರುಗಿದರೂ ಮೇಜು ಕದಲುವುದಿಲ್ಲ. ವಸ್ತುವನ್ನು ವೈಸ್‌ನಲ್ಲಿ ಬಿಗಿಯಾಗಿ ಹಿಡಿಸದಿದ್ದರೆ ಅದು ಅಲುಗಿ ಉಪಕರಣವೇ ಮುರಿಯುತ್ತದೆ. ಆದ್ದರಿಂದ ಈ ಯಂತ್ರ ಕಲಿಯುವವರು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಮೊದಲು ಮೇಣ ಅಥವಾ ಮರದಲ್ಲಿ ಕೆತ್ತಿ ನೋಡಿ, ಅಳೆದು, ತಪ್ಪು ಎಲ್ಲಿಂದ ಬಂತೆಂದು ಹುಡುಕುವುದು ಒಳ್ಳೆಯ ಕ್ರಮ. ಬಿಗಿಯಾಗಿ ಹಿಡಿ, ನೇರವಾಗಿ ಸರಿಸು, ಅಳೆದು ನೋಡು, ತಿದ್ದು – ಮಾಡ್ಸ್ಲೆಯ ಕಾರ್ಯಾಗಾರದ ಪಾಠಗಳೂ ಇವೇ.

ಮಾಡಿ ನೋಡಿ

1. ಒಂದು ದಪ್ಪ ಬೋಲ್ಟ್ ತೆಗೆದುಕೊಳ್ಳಿ. ಒಂದು ಥ್ರೆಡ್ಡಿನ ತುದಿಗೆ ಅಳತೆಪಟ್ಟಿಯ ಸೊನ್ನೆಯನ್ನು ಹೊಂದಿಸಿ, ಅಲ್ಲಿಂದ ಹತ್ತು ಅಂತರಗಳ ಉದ್ದ ಅಳೆಯಿರಿ. ಅದನ್ನು 10ರಿಂದ ಭಾಗಿಸಿ. ಒಂದು ಥ್ರೆಡ್ಡಿನ ಅಂತರ ಸಿಗುತ್ತದೆ. ಒಂದೇ ಅಂತರವನ್ನು ಅಳೆಯದೆ ಹತ್ತನ್ನು ಏಕೆ ಅಳೆದೆವು?

2. ಅದೇ ಬೋಲ್ಟಿಗೆ ನಟ್ಟು ಹಾಕಿ. ನಟ್ಟಿನ ಮೇಲೆ ಪೆನ್ಸಿಲ್ ಗುರುತು ಮಾಡಿ ಸರಿಯಾಗಿ ಹತ್ತು ಸುತ್ತು ತಿರುಗಿಸಿ. ಎಷ್ಟು ಮಿ.ಮೀ. ಸರಿಯಿತು? ಮೊದಲ ಪ್ರಯೋಗದ ಉತ್ತರಕ್ಕೆ ತಾಳೆಯಾಗುತ್ತದೆಯೇ?

3. ಪಠ್ಯಪುಸ್ತಕದ 100 ಹಾಳೆಗಳನ್ನು ಬಿಗಿಯಾಗಿ ಒತ್ತಿ ಹಿಡಿದು ದಪ್ಪ ಅಳೆಯಿರಿ. ಒಂದು ಹಾಳೆಯ ದಪ್ಪ ಎಷ್ಟು? ಪುಟ ಮತ್ತು ಹಾಳೆಗೆ ಇರುವ ವ್ಯತ್ಯಾಸ ಮರೆಯಬೇಡಿ.

4. ನಿಮ್ಮೂರಿನಲ್ಲಿ ಅಥವಾ ಹತ್ತಿರದ ಪಟ್ಟಣದಲ್ಲಿ ಲೇತ್ ಅಂಗಡಿ ಇದ್ದರೆ ಶಿಕ್ಷಕರೊಂದಿಗೆ ಹೋಗಿ ದೂರದಿಂದ ನೋಡಿ. ಉಳಿಯನ್ನು ಹಿಡಿದಿರುವ ಭಾಗ ಯಾವುದು, ಉದ್ದ ತಿರುಪು ಎಲ್ಲಿದೆ, ಹಲ್ಲುಚಕ್ರಗಳು ಎಲ್ಲಿವೆ ಎಂದು ಟರ್ನರ್ ಅವರನ್ನು ಕೇಳಿ ತಿಳಿದು, ಚಿತ್ರ ಬರೆದು ತರಗತಿಯಲ್ಲಿ ತೂಗುಹಾಕಿ.